ಜಗಮೊಂಡನ ತೊಳೆ

ಫೆಬ್ರವರಿ ೩೦, ೨೨೮೬
ಪಾಲಾರ್ ಬಯಲಿನ ಹಲಸಿನ ತೋಪು

ನಮಗಿಂತ ಮುಂಚೆ ಬಾಳುತ್ತಿರುವ ಹಿರಿಯರಿಗೆ ಪುಟ್ಟಾಂಜಿನಮ್ಮ ಬರೆಯುವುದು.

ತಾರೀಖು ತಪ್ಪಾಗಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕವು ಉರಿಗಾಲದ ಬಾಲಕ್ಕೆ ಸೇರುತ್ತವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇದಕ್ಕಿಂತ ಹೆಚ್ಚು ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು, ಈ ವರ್ಷ ನಮ್ಮ ತೋಪಿನ ಪಾಲಿಗೆ ಬಂದಿದೆ. ನಾನು ಬದುಕಿರುವಾಗ ಇನ್ನೊಮ್ಮೆ ಬರುವುದಿಲ್ಲ. ದಣಿದಿದ್ದೇನೆ, ಆದರೂ ಹತ್ತನೆಯ ತರಗತಿವರೆಗೆ ಓದಿದವಳು ಈ ತೋಪಿನಲ್ಲಿ ನಾನೊಬ್ಬಳೇ ಆದ್ದರಿಂದ ನಾನೇ ಬರೆಯಬೇಕು.

ಉರಿಗಾಲವೆಂದರೆ ಹಗಲು ಹೊರಗೆ ನಿಂತವರು ಉಳಿಯದ ಕಾಲ. ಆಗ ಊರಿಗೆ ಊರೇ ನೆಲದಡಿಯ ತಂಪುಮನೆಗಳಿಗೆ ಇಳಿಯುತ್ತದೆ. ಅಲ್ಲಿ ಹೊಗೆ ಹೋಗಲು ದಾರಿಯಿಲ್ಲ, ಒಲೆ ಹಚ್ಚುವಂತಿಲ್ಲ. ಒಣಗಿಸಿದ ಹಲಸಿನ ತೊಳೆ, ಹುರಿದ ಬೀಜದ ಹಿಟ್ಟು, ಇಷ್ಟೇ ಊಟ. ರಾಗಿಮುದ್ದೆ ಹಬ್ಬಕ್ಕೆ ಮಾತ್ರ. ನಿಮ್ಮ ಕಾಲದಲ್ಲಿ ಹಲಸು ಮಳೆಗಾಲದ ಹೊಸ್ತಿಲಲ್ಲಿ ಹಣ್ಣಾಗುತ್ತಿತ್ತಂತೆ. ಈಗ ಫೆಬ್ರವರಿಯಲ್ಲೇ ಮಾಗುತ್ತದೆ. ಒಣಗಿಸಲು ಸಿಗುವ ಬಿಸಿಲು ಅದೊಂದೇ. ಆಮೇಲಿನದು ಬಿಸಿಲಲ್ಲ, ಬೆಂಕಿ.

ಬೀಜದಿಂದ ಹುಟ್ಟಿದ ಹಲಸು ತಾಯಿಯನ್ನು ಹೋಲುವುದಿಲ್ಲ, ಇದು ನಿಮಗೂ ಗೊತ್ತಿರಬೇಕು. ಕಸಿ ಕಟ್ಟಿದ ಗಿಡ ನಮ್ಮ ಉರಿಗಾಲ ದಾಟುವುದಿಲ್ಲ, ನಮಗೆ ಬೀಜವೇ ಗತಿ. ಒಂದೇ ಹಣ್ಣಿನ ಬೀಜಗಳಲ್ಲಿ ಒಂದು ಕೆಂಪು ತೊಳೆಯ ಮರವಾದರೆ ಇನ್ನೊಂದು ಬಿಳಿಯದು. ಒಂದಕ್ಕೆ ಕೈಗೆ ಅಂಟದಷ್ಟು ಕಡಿಮೆ ಮೇಣ, ಇನ್ನೊಂದಕ್ಕೆ ಕತ್ತಿಯೇ ಸಿಕ್ಕಿಕೊಳ್ಳುವಷ್ಟು. ಆದ್ದರಿಂದ ನಾವು ಪ್ರತಿ ಹೊಸ ಮರವೂ ಮೊದಲ ಹಣ್ಣು ಬಿಟ್ಟಾಗ ಪರೀಕ್ಷೆ ಮಾಡುತ್ತೇವೆ. ಊರಿನ ಎಲ್ಲರಿಗಿಂತ ಹಿರಿಯ ಹೆಂಗಸು ನಾಲಿಗೆಮಣೆಯ ಮೇಲೆ ಕೂತು ರುಚಿ ನೋಡುತ್ತಾಳೆ. ಅವಳು ನುಂಗಿದರೆ ಮರ ಉಳಿಯಿತು, ಅದರ ಬೀಜವನ್ನೇ ಮುಂದಿನ ಸಾಲಿಗೆ ನೆಡುತ್ತೇವೆ. ಉಗಿದರೆ ಅಂದೇ ಕೊಡಲಿ, ಅದರ ಹೂವಿನ ಪುಡಿ ಉಳಿದ ಮರಗಳನ್ನು ಕೆಡಿಸಬಾರದೆಂದು. ನನ್ನ ಅತ್ತೆ ಕೂತ ಮಣೆ ಅದು, ಅವರ ಅತ್ತೆ ಕೂತದ್ದು. ನಾನು ಕೂತಾಗ ತೋಪಿನಲ್ಲಿ ಯಾರೂ ಕೆಮ್ಮುವುದಿಲ್ಲ.

ಹೋದ ಉರಿಗಾಲದಲ್ಲಿ ಒಣ ತೊಳೆಗೆಲ್ಲ ಬೂಷ್ಟು ಹಿಡಿಯಿತು. ಮಕ್ಕಳು ಅದನ್ನೇ ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದವು. ನನ್ನ ಮೊಮ್ಮಗಳು ಎದ್ದಳು. ಎರಡು ಮನೆಯ ಮಕ್ಕಳು ಏಳಲಿಲ್ಲ. ಗಾಳಿಯನ್ನು ಬೈದೆವು, ಗೋಡೆಯ ತೇವವನ್ನು ಬೈದೆವು.

ಈ ಸಲ ಮೂಲೆಯ ಮರವೊಂದು ಮೊದಲ ಹಣ್ಣು ಬಿಟ್ಟಿತು. ಎಷ್ಟು ಸಲ ಒಣಗಿದರೂ ಬುಡದಿಂದ ಚಿಗುರಿದ್ದಕ್ಕೆ ಮಕ್ಕಳು ಅದನ್ನು ಜಗಮೊಂಡ ಎನ್ನುತ್ತಿದ್ದರು. ತೊಳೆ ಬಾಯಿಗೆ ಹಾಕಿಕೊಂಡೆ. ಈ ವಸಡಿನಿಂದ ಆ ವಸಡಿಗೆ ಹೊರಳಿಸಿದೆ, ಕರಗಲಿಲ್ಲ. ಉಗಿದೆ. ಕೊಡಲಿ ಎದ್ದಿತು.

"ಇಳಿಸ್ರಪ್ಪ ಅದನ್ನ!" ಎಂದು ಕೂಗಿದವಳು ನನ್ನ ಸೊಸೆ ಮುನೇಶ್ವರಿ. "ಅತ್ತೆಮ್ಮ, ಇದಕ್ಕೆ ನಾಲ್ಗೆ ಸಾಲ್ದು, ಹಲ್ಲು ಬೇಕು. ನಿಮ್ ಬಾಯಲ್ಲಿ ಎಷ್ಟವೆ, ಒಸಿ ತೋರ್ಸಿ?"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

"ನಿನ್ ಬಾಯಲ್ಲಿ ಜಾಸ್ತಿಯಾಗವೆ," ಎಂದೆ. "ಉದುರಿಸ್ಲಾ?"

"ಆಮೇಲೆ ಉದುರ್ಸೀರಂತೆ, ಮೊದ್ಲು ತಿಂತೀನಿ," ಎಂದು ತೊಳೆ ಬಾಯಿಗೆ ಹಾಕಿ ಗರಗರ ಅಗಿದಳು. ಆ ಸದ್ದು ಇಡೀ ತೋಪಿಗೆ ಕೇಳಿಸಿತು. ನಮ್ಮ ತೋಪಿನ ಹಲಸು ಸದ್ದು ಮಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಕೊಡಲಿ ಇಳಿಸಲು ಹೇಳಿ, ಜಗಮೊಂಡನ ತೊಳೆಯನ್ನೂ ನನಗೆ ಬಹಳ ಇಷ್ಟವಾದ ಮರದ ತೊಳೆಯನ್ನೂ ಒಂದೇ ಚಾಪೆಯ ಮೇಲೆ ಒಣಗಲು ಹಾಕಿಸಿದೆ. ನನ್ನ ಮರದ್ದು ಬೆಲ್ಲದ ಪಾಕದಂತೆ ಅಂಟಿಕೊಂಡು ಹುಳಿವಾಸನೆ ಹೊಡೆಯಿತು. ಮೊಂಡನದು ಹಪ್ಪಳದ ಹಾಗೆ ಪಟಕ್ಕೆಂದು ಮುರಿಯಿತು. ಆಗ ಅರ್ಥವಾಯಿತು. ನಾಲಿಗೆಮಣೆಯ ಮೇಲೆ ಕೂತವರಲ್ಲಿ ಯಾರಿಗೂ ಹಲ್ಲಿರಲಿಲ್ಲ. ತಲೆತಲಾಂತರದಿಂದ ವಸಡಿಗೆ ಹಿತವಾದುದನ್ನೇ ಒಳ್ಳೆಯ ಹಲಸು ಎಂದು ಉಳಿಸಿಕೊಂಡು, ಬೂಷ್ಟು ಹಿಡಿಯದ ಗಟ್ಟಿ ತೊಳೆಯ ಮರಗಳನ್ನೆಲ್ಲ ಕಡಿದಿದ್ದೆವು.

ಮಣೆ ಬಿಡಿ ಎಂದು ಮುನೇಶ್ವರಿ ಕೇಳಲಿಲ್ಲ, ಕೇಳಿದ್ದರೂ ಬಿಡುತ್ತಿರಲಿಲ್ಲ. ಅವಳೊಬ್ಬಳೇ ಕೂತರೆ ಮೆತ್ತಗಿನದೆಲ್ಲ ಕಡಿದುಹೋಗುತ್ತದೆ, ಹಾಲುಹಲ್ಲಿನ ಕೂಸುಗಳೂ ನನ್ನಂಥವರೂ ಉಪವಾಸ ಬೀಳುತ್ತೇವೆ. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಸಿದ್ದೇನೆ. ಇಬ್ಬರೂ ಉಗಿದರೆ ಮಾತ್ರ ಕೊಡಲಿ.

ಆದರೆ ಒಂದೇ ಮರದಿಂದ ಊರನ್ನು ಹೊರೆಯಲಾಗದು. ಅದರ ಬೀಜ ಸುತ್ತಲಿನ ಮೆತ್ತಗಿನವುಗಳ ಹೂವಿನ ಪುಡಿ ಸೇರಿ ಹುಟ್ಟಿದ್ದು. ಗಟ್ಟಿ ತೊಳೆಯವು ಎಷ್ಟು ಬರುತ್ತವೋ ತಿಳಿಯದು. ಅವು ಹಣ್ಣು ಬಿಡುವುದನ್ನು ನೋಡಲು ನಾನಿರುವುದಿಲ್ಲ. ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಕೇಳುವುದು ನನಗೆ ಸುಲಭವಲ್ಲ. ನಿಮ್ಮ ಬದುಗಳಲ್ಲಿ ಈಗ ಇಂಥ ಮರಗಳು ಎಷ್ಟೋ ಇವೆ: ಮೇಣದವು, ತೊಳೆ ಸಣ್ಣವು, ಸಿಹಿ ಸಾಲದವು, ದವಡೆ ನೋಯಿಸುವವು. ಯಾರೋ ಒಬ್ಬರು ಮುಖ ಸಿಂಡರಿಸಿದರೆಂದು ಕಡಿಯಬೇಡಿ. ಕೆಲವಾದರೂ ನಮ್ಮವರೆಗೆ ಬರಲಿ.

ಇಷ್ಟು ಸಾಕು, ಕೈ ನೋಯುತ್ತಿದೆ. ನಾಳೆ ಮತ್ತೆ ಪರೀಕ್ಷೆ ಇದೆ. ಪಕ್ಕದ ಮಣೆಯಲ್ಲಿ ಅವಳು ಗರಗರ ಅಗಿಯುತ್ತಾಳೆ, ಬೇಕೆಂದೇ ಜೋರಾಗಿ. ಇನ್ನು ಸಾಯುವವರೆಗೂ ನಾನದನ್ನು ಕೇಳಿಸಿಕೊಂಡು ಕೂತಿರಬೇಕು.