ಶುಭಕ್ಕೆ ಹಿಡಿದ ನೀರು

ಆಗಸ್ಟ್ 5, ಸೋಮವಾರ. ಬೆಳಿಗ್ಗೆ 7.20

ನಲ್ಲಿಯಲ್ಲಿ ನೀರು ಬಂತು. ಹನ್ನೊಂದು ದಿನದ ಮೇಲೆ. ಐವತ್ತು ನಿಮಿಷ. ಮುಂದಿನದು ಯಾವಾಗಲೋ ಗೊತ್ತಿಲ್ಲ ಎಂದವನು ನೀರುಗಂಟಿ ರಾಮಚಂದ್ರಪ್ಪ.

ಅಡುಗೆಮನೆ ಡ್ರಮ್, ಬಚ್ಚಲ ತೊಟ್ಟಿ ತುಂಬಿದವು. ಸಿಂಧುವಿನ ಸೀಮಂತಕ್ಕೆಂದು ತಂದ ಮೂರು ನೀಲಿ ಡ್ರಮ್ಮುಗಳೂ ತುಂಬಿದವು. ಹಿಂದಿನ ವರಾಂಡದಲ್ಲಿ ಸಾಲಾಗಿವೆ. ಹೆಂಡತಿ ಮುನಿಲಕ್ಷ್ಮಿ ಅವಕ್ಕೆ ಅರಿಶಿನ ಕುಂಕುಮ ಇಟ್ಟಳು. ನನ್ನ ಹಳೆಯ ಪಂಚೆ ಹರಿದು ಬಾಯಿಗೆ ಕಟ್ಟಿದೆವು. ಕಾರ್ಯ 18ಕ್ಕೆ, ಭಾನುವಾರ. ಅರವತ್ತು ಜನ. ಮಗಳಿಗೆ ಏಳನೇ ತಿಂಗಳು.

ಫ್ಯಾಕ್ಟರಿ ಬಸ್ 7.40ಕ್ಕೆ.

ಆಗಸ್ಟ್ 9, ಶುಕ್ರವಾರ

ಪೇಪರಿನ ಮೂರನೇ ಪುಟದಲ್ಲಿ ಡೆಂಗಿ. ಕತ್ತರಿಸಿ ಫೈಲಿಗೆ ಹಾಕಿದೆ. ಸಂಜೆ ಆರಕ್ಕೆ ಎಲ್ಲ ಕಿಟಕಿ ಮುಚ್ಚುವುದು, ಸೊಳ್ಳೆ ಕಾಯಿಲ್ ಹಚ್ಚುವುದು — ಇಂದಿನಿಂದ ನನ್ನ ಕೆಲಸ. ಸಿಂಧುವಿಗೆ ಕಾಯಿಲ್ ವಾಸನೆ ಆಗದು. ಬೇರೆ ಕೋಣೆಯಲ್ಲಿ ಹಚ್ಚಿದೆ.

ಹಗಲು ಅವಳು ಹಿಂದಿನ ವರಾಂಡದಲ್ಲೇ ಚಾಪೆ ಹಾಸಿ ಮಲಗುತ್ತಾಳೆ. ಡ್ರಮ್ಮುಗಳ ಪಕ್ಕ ತಂಪು.

ಆಗಸ್ಟ್ 12, ಸೋಮವಾರ

ಕ್ಯಾಸಂಬಳ್ಳಿಯ ದೊಡ್ಡಪ್ಪನ ಮಗ ಕೋದಂಡಪ್ಪ ತೀರಿಕೊಂಡ. ಬೆಳಗಿನ ಜಾವ, ಹೃದಯಾಘಾತ. ದಾಯಾದಿ. ನಮಗೂ ಸೂತಕ.

ಮಣ್ಣು ಮಾಡಿ ಬಂದೆ. ಸೀಮಂತ ಮುಂದಕ್ಕೆ. ಏಳು ತಿಂಗಳು ಮುಗಿಯುವುದರೊಳಗೆ ಮಾಡಲೇಬೇಕು. 30ರ ಶುಕ್ರವಾರ ಆಗುತ್ತದೆ ಎಂದು ಪುರೋಹಿತರು.

ನಲ್ಲಿ ಬಂದಿಲ್ಲ. ಆ ಡ್ರಮ್ಮುಗಳಿಂದಲೇ ಎರಡು ಬಿಂದಿಗೆ ತೆಗೆಯೋಣ ಎಂದೆ. ಮುನಿಲಕ್ಷ್ಮಿ ಅಡ್ಡ ನಿಂತಳು.

"ಅದು ಶುಭಕ್ ಇಡ್ದಿರೋ ನೀರು ಕಣ್ರೀ. ಸೂತ್ಕದ ಕೈಯಾಗೆ ಗಂಟು ಬಿಚ್ತೀರಾ? ಒಟ್ಟೆಯಾಗಿರೋ ಮಗೀಗೆ ಏನಾನ ಆದ್ರೆ?"

ಬಿಚ್ಚಲಿಲ್ಲ.

ಆಗಸ್ಟ್ 16, ಶುಕ್ರವಾರ. ಬೆಳಿಗ್ಗೆ 11

ಪಕ್ಕದ ಅಕ್ಕಯ್ಯಮ್ಮನ ಮೊಮ್ಮಗಳಿಗೆ ಜ್ವರ. ಆಶಾ ಕಾರ್ಯಕರ್ತೆ ಕನಕಮ್ಮ ಹೇಳಿದ್ದು. ಲಾರ್ವಾ ಸರ್ವೆಗೆ ಬಂದಿದ್ದಳು. ಕೈಯಲ್ಲಿ ಟಾರ್ಚು, ಒಂದು ಸ್ಟೀಲ್ ಮುಚ್ಚಳ. ಅಡುಗೆಮನೆ ಡ್ರಮ್, ತೊಟ್ಟಿ, ಫ್ರಿಜ್ ಹಿಂದಿನ ತಟ್ಟೆ, ಎಲ್ಲ ನೋಡಿದಳು. ಏನೂ ಇಲ್ಲ.

"ಗೋಪಾಲ್ ಸಾರ್ ಮನ್ಯಾಗೆ ಸೊಳ್ಳೆನೂ ಪೇಪರ್ ಓದ್ಬುಟ್ಟು ಆಚೇಲೇ ನಿಂತ್ಕೊತದೆ."

ನಕ್ಕೆವು. ವರಾಂಡದ ಮೂರು ಡ್ರಮ್ ತೋರಿಸಿ, ಅವು? ಎಂದಳು. ಮುನಿಲಕ್ಷ್ಮಿ ನನ್ನ ಮುಖ ನೋಡಿದಳು.

"ಅವು ಮುಚ್ಚಿವೆ. ಬಟ್ಟೆ ಕಟ್ಟಿದೆ," ಎಂದೆ.

"ನೀವ್ ಏಳಿದ್ ಮೇಲೆ ಸರಿ ಸಾರ್."

ಬಾಗಿಲ ಹಿಂದಿನ ಚೀಟಿಯಲ್ಲಿ 'ಲಾರ್ವಾ ಇಲ್ಲ' ಎಂದು ಬರೆದಳು. ಕೆಳಗೆ ನನ್ನ ಸಹಿ.

ಆಗಸ್ಟ್ 20, ಮಂಗಳವಾರ

ಅಕ್ಕಯ್ಯಮ್ಮನ ಮೊಮ್ಮಗಳದು ಡೆಂಗಿ ಎಂದು ರಿಪೋರ್ಟ್. ಗುಣವಾಗುತ್ತಿದ್ದಾಳಂತೆ. ಈ ಹೊತ್ತಿನಿಂದ ಕಿಟಕಿ ಐದೂವರೆಗೇ ಮುಚ್ಚುತ್ತೇನೆ.

ಆಗಸ್ಟ್ 29, ಗುರುವಾರ. ಬೆಳಿಗ್ಗೆ 10.30

ರಜೆ ಹಾಕಿದ್ದೇನೆ. ನಾಳೆಯ ತಯಾರಿ. ಸಿಂಧು ವರಾಂಡದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳ ಪಾದದ ಮೇಲೆ ಒಂದು ಸೊಳ್ಳೆ. ಹೊಡೆದೆ. ಅಂಗೈಯಲ್ಲಿ ರಕ್ತ — ಅವಳದು.

ಕಪ್ಪು ಮೈ. ಕಾಲಿಗೆ ಬಿಳಿ ಪಟ್ಟೆ. ಟೇಪು ಹಾಕಿ ಈ ಪುಟದಲ್ಲೇ ಅಂಟಿಸಿದ್ದೇನೆ. ಫೈಲು ತೆಗೆದು 9ನೇ ತಾರೀಕಿನ ಕಟಿಂಗ್ ನೋಡಿದೆ. ಚಿತ್ರ ಇದೇ. ಪಕ್ಕದ ಚೌಕದಲ್ಲಿ ಸಣ್ಣ ಅಕ್ಷರ: ಹಗಲಲ್ಲಿ ಕಚ್ಚುತ್ತದೆ, ತಿಳಿ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಹೆಡ್‌ಲೈನ್ ಓದಿ ಕತ್ತರಿಸಿದ್ದೆ. ಚೌಕ ಓದಿರಲಿಲ್ಲ.

"ಏನಪ್ಪಾ, ಸೊಳ್ಳೆಗೂ ಫೈಲ್ ಮಾಡ್ತೀಯಾ?" — ಸಿಂಧು.

ಅದೇ ದಿನ, ಮಧ್ಯಾಹ್ನ 12

ಸೂತಕ ಕಳೆದು ವಾರವಾಗಿದೆ. ಬಿಚ್ಚಬಹುದು. ಬಿಚ್ಚಿದೆ. ಪಂಚೆ ನಡುವೆ ಜೋತು ನೀರು ಮುಟ್ಟಿತ್ತು. ನಡುವೆಯೇ ಒಂದು ಹಳೆಯ ತೂತು, ಎರಡು ಬೆರಳು ಹಿಡಿಸುವಷ್ಟು. ನನ್ನದೇ ಪಂಚೆ. ತೂತು ನನಗೆ ಗೊತ್ತಿತ್ತು.

ಸ್ಟೀಲ್ ಮುಚ್ಚಳದಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿದೆ. ದಾರದ ತುಂಡಿನಂಥವು, ತಲೆಕೆಳಗಾಗಿ ನೇತಾಡುತ್ತಿದ್ದವು. ನೆರಳು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿದವು. ನಲವತ್ತರವರೆಗೆ ಎಣಿಸಿದೆ. ಒಂದು ಮುಚ್ಚಳದಲ್ಲಿ.

ಮುನಿಲಕ್ಷ್ಮಿ ನೋಡಿದಳು. ಮೊದಲ ಡ್ರಮ್ಮನ್ನು ತಾನೇ ದಬ್ಬಿ ಉರುಳಿಸಿದಳು. ಕುಂಕುಮ ಇಟ್ಟ ಕಡೆ ಕೆಳಗಾಯಿತು.

ಕನಕಮ್ಮನಿಗೆ ಫೋನ್ ಮಾಡಿದೆ. ಬಂದು, ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಗೋಡೆಗೆ ಅಂಟಿರುತ್ತದೆ, ತೆಂಗಿನ ನಾರಿನಿಂದ ಉಜ್ಜಬೇಕು ಎಂದಳು. ತಾನೇ ಕೂತು ಒಂದು ಡ್ರಮ್ ಉಜ್ಜಿದಳು. ಚೀಟಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾಳೆಗೆ ರಾಬರ್ಟ್‌ಸನ್‌ಪೇಟೆಯಿಂದ ಕ್ಯಾನ್ ನೀರು.

ಆಗಸ್ಟ್ 30, ಶುಕ್ರವಾರ

ಸೀಮಂತ ಆಯಿತು. ಎರಡೂ ಕೈ ತುಂಬ ಹಸಿರು ಬಳೆ. ಅಳಿಯ ಚಂದನ್ ಮಾಲೂರಿನಿಂದ ಬಂದು ಸಂಜೆ ಬಂಗಾರಪೇಟೆಯಲ್ಲಿ ರೈಲು ಹಿಡಿದ. ಊಟದುದ್ದಕ್ಕೂ ಅವಳ ಕಾಲಿನ ಮೇಲೇ ನನ್ನ ಕಣ್ಣು.

ಸೆಪ್ಟೆಂಬರ್ 3, ಮಂಗಳವಾರ. ಸಂಜೆ 4

ಜ್ವರ 102. ಕಣ್ಣಿನ ಹಿಂದೆ ನೋವು ಎಂದಳು.

ಸೆಪ್ಟೆಂಬರ್ 4, ಬುಧವಾರ

ಡೆಂಗಿ ಪಾಸಿಟಿವ್. ಪ್ಲೇಟ್‌ಲೆಟ್ 1,42,000. ಲ್ಯಾಬಿನವರು ಫೋನಿನಲ್ಲಿ ಹೇಳಿದರು. ಇದಕ್ಕೆಂದೇ ಔಷಧಿ ಇಲ್ಲ ಎಂದು ಡಾಕ್ಟರ್. ನೀರು, ಪ್ಯಾರಾಸಿಟಮಾಲ್, ದಿನಾ ರಕ್ತ ಪರೀಕ್ಷೆ. ಬೇರೆ ಮಾತ್ರೆ ಯಾವುದೂ ಬೇಡ.

ನಾನೇನು ಮಾಡಬೇಕು ಎಂದು ಕೇಳಿದೆ. "ಎಷ್ಟು ನೀರು ಕುಡಿದರು, ಎಷ್ಟು ಮೂತ್ರ ಹೋಯಿತು, ಬರೆದಿಡಿ," ಎಂದರು.

ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 7, ಶನಿವಾರ. ಬೆಳಿಗ್ಗೆ 9

ಜ್ವರ ಬಿಟ್ಟಿತು. 98.4. ಗಣೇಶನ ಹಬ್ಬ. ಒಂದು ಕಡುಬು ತಿಂದಳು. ಮುನಿಲಕ್ಷ್ಮಿ ದೇವರ ಮುಂದೆ ಕೂತು ಅತ್ತಳು. ನಾನೂ ಸ್ವಲ್ಪ —

ಅದೇ ದಿನ, ಮಧ್ಯಾಹ್ನ 2

ಪ್ಲೇಟ್‌ಲೆಟ್ 61,000. ಹೊಟ್ಟೆ ನೋವು, ಎರಡು ಸಲ ವಾಂತಿ. ಜ್ವರ ಬಿಟ್ಟ ಮೇಲಿನ ಎರಡು ದಿನವೇ ಕಷ್ಟದ್ದು ಎಂದು ಡಾಕ್ಟರ್. ಆಂಬುಲೆನ್ಸಿನಲ್ಲಿ ಕೋಲಾರಕ್ಕೆ ಕಳಿಸಿದರು. ಬಂಗಾರಪೇಟೆ ಗೇಟಿನ ಹತ್ತಿರ ಗಣೇಶನ ಟ್ರ್ಯಾಕ್ಟರ್ ಅಡ್ಡ. ಆರು ನಿಮಿಷ.

ಸೆಪ್ಟೆಂಬರ್ 8, ಭಾನುವಾರ. ಬೆಳಿಗ್ಗೆ 8

34,000. ಡ್ಯೂಟಿ ಸಿಸ್ಟರ್ ಹೇಳಿದ್ದು. ಮಗುವಿನ ಎದೆಬಡಿತ ಇದೆ, 150.

ಬಿ.ಪಿ. ಪಟ್ಟಿ ಕಟ್ಟಲು ಬಳೆ ಅಡ್ಡ ಬಂತು. ತೆಗೆಯಿರಿ ಎಂದರು. ಮುನಿಲಕ್ಷ್ಮಿ ಕೈ ಮುಗಿದಳು.

"ಎರ್ಗೆ ಆಗೋಗಂಟ ತೆಗೀಬಾರ್ದು ಕಣಮ್ಮ."

ಸಿಸ್ಟರ್ ಬಳೆಗಳನ್ನೆಲ್ಲ ಮೇಲೆ ಸರಿಸಿ ಗಾಜ್ ಬಟ್ಟೆಯಲ್ಲಿ ಸುತ್ತಿದರು. ಬಳೆ ಇದ್ದ ಜಾಗದಲ್ಲಿ ಕೆಂಪು ಚುಕ್ಕೆ. ಸೂಜಿಮೊನೆಯಷ್ಟು ಚಿಕ್ಕವು. ಎಣಿಸಲು ಹೋಗಿ ಬಿಟ್ಟೆ.

"ಅಪ್ಪ, ಡ್ರಮ್ ಎಲ್ಲ ಉಜ್ಜಾಯ್ತಾ?" ಎಂದಳು ಸಿಂಧು.

ಆಯ್ತಮ್ಮ ಎಂದೆ.

ಮಧ್ಯಾಹ್ನ 1

ಚಂದನ್ ಬಂದ. ರಕ್ತ ಕೊಡಲು ಅಂಗಿಯ ತೋಳು ಮಡಚಿಕೊಂಡೇ ಬಂದಿದ್ದ. ಈಗ ಬೇಡ, ಬೇಕಾದರೆ ಕರೆಯುತ್ತೇವೆ ಎಂದರು. ಮಡಚಿದ ತೋಳು ಇಳಿಸದೆ ನನ್ನ ಪಕ್ಕ ಕೂತ.

"ಎಲ್ಲಿ ಕಚ್ಚಿದ್ದು ಮಾವ?"

ಹೇಳಿದೆ. ಡ್ರಮ್ಮು, ಪಂಚೆ, ತೂತು, ಚೀಟಿಯ ಮೇಲಿನ ಸಹಿ. ಎಲ್ಲವನ್ನೂ. ಅಕ್ಕಯ್ಯಮ್ಮನ ಮನೆಯದೇ ಸೊಳ್ಳೆ ಇದ್ದರೂ ಇರಬಹುದು ಎಂದ. ಇರಬಹುದು. ನನ್ನ ಪುಟದಲ್ಲಿ ಅಂಟಿರುವುದು ನಮ್ಮ ವರಾಂಡದ್ದು.

ಸಂಜೆ 5.10

29,000. ಚಿಕ್ಕ ಡಾಕ್ಟರ್ ಹೇಳಿದ್ದು. ಡ್ರಿಪ್ ನಡೆಯುತ್ತಿದೆ. ಕೈಕಾಲು ತಣ್ಣಗಿವೆ. ಮಗು ಒದೆಯುತ್ತಿದೆಯಾ ಎಂದು ಕೇಳಿದೆ. ಮಧ್ಯಾಹ್ನದಿಂದ ಗೊತ್ತಾಗುತ್ತಿಲ್ಲ ಎಂದಳು. ಡಾಕ್ಟರಿಗೆ ತಿಳಿಸಿದೆ. ಸ್ಕ್ಯಾನ್ ಮಷಿನ್ ತರಲು ಹೋಗಿದ್ದಾರೆ.

ಕನಕಮ್ಮ ಫೋನ್ ಮಾಡಿದ್ದಳು. ನಮ್ಮ ಸಾಲಿನಲ್ಲಿ ಇನ್ನೂ ಮೂರು ಮನೆಗೆ ಜ್ವರ. "ಆವತ್ತು ನಾನೇ ಬಿಚ್ಚಿ ನೋಡ್ಬೇಕಿತ್ತು ಸಾರ್. ನಿಮ್ ಮಾತ್ ನಂಬ್ಕೊಂಡ್ಬುಟ್ಟೆ," ಎಂದು ನಿಲ್ಲಿಸಿದಳು. ಆಮೇಲೆ, ರಾಮಚಂದ್ರಪ್ಪ ಹೇಳಿ ಕಳಿಸಿದ್ದಾನೆ ಎಂದಳು. ನಾಳೆ ಬೆಳಿಗ್ಗೆ ಆರಕ್ಕೆ ನಮ್ಮ ಸಾಲಿಗೆ ನೀರು. ಮತ್ತೆ ಯಾವಾಗಲೋ ಗೊತ್ತಿಲ್ಲ. ನಿಮ್ಮ ಡ್ರಮ್ ತುಂಬಿಸಲಾ ಎಂದು ಕೇಳಿದಳು.

ಆಮೇಲೆ ಫೋನ್ ಮಾಡುತ್ತೇನೆ ಎಂದೆ.

ಇಲ್ಲಿ ಮುಂದಿನ ರಕ್ತ ತೆಗೆಯುವುದೂ ಬೆಳಿಗ್ಗೆ ಆರಕ್ಕೆ.