ಉಳವಪ್ಪನ ಹೆಸರಿನ ಶೀಲ್ಡು

ಹಿರೇಕೆರೂರು, ೧೧ ಜನವರಿ ೧೯೩೮
ಹುಡಿಗ್ಯಾರಿಗೆ ಮಗ್ಗಿ ಹೇಳಿಸಿ ಸಾಲಿಯಿಂದ ಬರಾಕತ್ತಿದ್ದೆ. ಓಣ್ಯಾಗ ಅಡಿವೆವ್ವ ಹಿಡದ ನಿಂದ್ರಿಸಿದ್ಲು. "ಅಕ್ಕೋರ, ನಿಮ್ಮ ತಮ್ಮ ಬ್ಯಾಡಂದ್ರೂ ಗ್ಯಾಲರಿ ಹತ್ತಿದ್ನಂತಲ್ರಿ?" ಮೈಯೆಲ್ಲಾ ಉರೀತು. ಟಿಕೀಟ ತಗೊಂಡ ಒಳಗ ಹ್ವಾದಾಂವ ಅಂವ. ಫುಟ್‌ಬಾಲ್ ಕಮಿಟಿಯವರು ಹಲಿಗಿ ಬಡದು ಕಟ್ಟಿಸಿದ ಗ್ಯಾಲರಿ. ಹೋದ ತಿಂಗಳ ಮ್ಯಾಚಿನ ದಿನಾ ಮುರದ ಬಿತ್ತು. ನನ್ನ ತಮ್ಮ ಉಳವಪ್ಪ ಅಡ್ಯಾಗ ಸಿಕ್ಕ ಸತ್ತ. ಎಷ್ಟ ಮಂದಿಗಂತ ಹೇಳ್ಲಿ?

೧೬ ಜನವರಿ
ಚಂದ್ರಪ್ಪ ಬಂದಿದ್ದ. ಅವತ್ತ ಉಳವಪ್ಪನ ಬಾಜೂಕ ಕುಂತಾಂವ. ಇನ್ನೂ ಕುಂಟತಾನ. "ನಾವಾಗಿ ಹತ್ತಲಿಲ್ಲಕ್ಕಾ. ಜಾಗಾ ಇಲ್ಲ, ಹಲಿಗಿ ಕಿರ್ ಅನ್ನಾಕತ್ತಾವು ಅಂದ್ವಿ. ಕಮಿಟಿಯವರ ವಾಲಂಟೀರ ರಟ್ಟಿ ಹಿಡದು ಹತ್ತಿಸಿದ."
ಕೋರ್ಟಿನ್ಯಾಗ ಹೇಳ್ತಿ? ಅಂದೆ.
"ಹೇಳ್ತೇನಿ. ಯಾರಪ್ಪಂದೇನ ಅಂಜಿಕಿ?"
ಅಳು ಬಂತು. ಇಷ್ಟ ದಿನಕ್ಕ ಒಬ್ಬಾಂವ ಖರೇ ಮಾತಾಡಿದ.

೨೩ ಜನವರಿ
ಅಪ್ಪನ್ನ ಕರಕೊಂಡು ಹಾನಗಲ್ಲ ವಕೀಲರ ಮನೀಗೆ ಹ್ವಾದೆ. "ರೊಕ್ಕಾ ತಗೊಂಡ ಕೂಡ್ರಿಸಿದ ಮ್ಯಾಲ ಜ್ವಾಕಿ ಮಾಡೂದು ಕಮಿಟಿಯವರ ಜವಾಬ್ದಾರಿ. ಕೋರ್ಟಿನ್ಯಾಗ ದಾವೆ ಗಟ್ಟಿ ನಿಲ್ಲತೈತಿ. ತಂದಿ ಸಹಿ ಬೇಕು." ಅಪ್ಪ "ವಿಚಾರ ಮಾಡ್ತೇನ್ರಿ" ಅಂದ. ಏನ ವಿಚಾರ, ಮಣ್ಣು! ನನಗ ಬೇಕಾಗಿದ್ದು ಒಂದ... ತಪ್ಪು ನಮ್ಮದು ಅಂತ ಅವರ ಬಾಯಿಂದ ಬರಬೇಕು.

೨ ಫೆಬ್ರುವರಿ, ಸಂಜೀಕ
ಕಮಿಟಿ ಅಧ್ಯಕ್ಷ ರಾವಸಾಹೇಬ್ರು ಬಂದಿದ್ರು. ನಮ್ಮ ಹೊಸ್ತಲಾ ಎಂದೂ ತುಳದವರಲ್ಲ. ಕಂಬಳಿ ಮ್ಯಾಲ ಕುಂತ್ರು, ಚಾ ಕುಡದ್ರು. "ಕರಬಸಪ್ಪನವರ, ಈ ವರ್ಷದ ಶೀಲ್ಡಿಗೆ ನಿಮ್ಮ ಮಗನ ಹೆಸರ ಇಡ್ತೇವಿ. ನಿಮ್ಮ ಕೈಲೇನ ಕೊಡಸ್ತೇವಿ." ಅಪ್ಪನ ಕಣ್ಣಾಗ ನೀರು.
ಅವರು ಹ್ವಾದ ಮ್ಯಾಲ ದಾವೆ ಮಾತ ತಗದೆ.
"ಹೆಸರ ಇಟ್ಟವರ ಮ್ಯಾಲ ದಾವೆ ಹಾಕ್ತಾರೇನ ಶಾರವ್ವ? ಮರ್ಯಾದಿ ಐತೋ ಇಲ್ಲೋ?"
"ಅವರಿಗೈತೇನು?"
ಉಣ್ಣೂದ ಬಿಟ್ಟ ಎದ್ದ ಹ್ವಾದ.

೨೭ ಫೆಬ್ರುವರಿ
ಬರಿಯಾಕ ಮನಸ್ಸಿರಲಿಲ್ಲ. ಅಪ್ಪ ಹೊಸಾ ಪಟಗಾ ತಂದಾನ. ತಲಿಗೆ ಸುತ್ತತಾನ, ಬಿಚ್ಚತಾನ, ಕನ್ನಡ್ಯಾಗ ನೋಡತಾನ. ಬೈಬೇಕು ಅಂತ ಹೊಂಟೆ... ಆಗಲಿಲ್ಲ. ಉಳವಪ್ಪನ ಮದವಿಗೆ ಸುತ್ತಬೇಕಾಗಿತ್ತು ಅದನ್ನ.

೬ ಮಾರ್ಚ್
ಫೈನಲ್. ನಮ್ಮನ್ನ ಮುಂದ ಖುರ್ಚಿ ಮ್ಯಾಲ ಕೂಡ್ರಿಸಿದ್ರು. ಅಪ್ಪಗ ಹಾರಾ ಹಾಕಿದ್ರು. ಗೆದ್ದವರಿಗೆ ಅಪ್ಪನ ಶೀಲ್ಡ ಕೊಟ್ಟ. ಆಮ್ಯಾಲ ರಾವಸಾಹೇಬ್ರ ಭಾಷಣ — "ಬ್ಯಾಡ ಬ್ಯಾಡ ಅಂದರೂ ಆಟದ ಹುಚ್ಚಿಗೆ ಹತ್ತಿ ಜೀವ ಕಳಕೊಂಡ ಹುಡುಗ. ಆದರೂ ಕಮಿಟಿ ದೊಡ್ಡ ಮನಸ್ಸು ಮಾಡಿ ಅವನ ಹೆಸರ ಉಳಿಸೇತಿ."
ಮಂದಿಯೆಲ್ಲಾ ಚಪ್ಪಾಳಿ. ಅಪ್ಪನೂ ಹೊಡದ. ಹೊಡಕೋತ ಹೊಡಕೋತ ತಡದ ನಿಂತ. ನನ್ನ ಕಡೆ ನೋಡಿದ. ತಲಿ ತಗ್ಗಿಸಿದೆ.

೭ ಮಾರ್ಚ್
ಸಾಲಿಗೆ ರಜಾ. ಬೆಳಕ ಹರಿಯೂದ ತಡ, ಅಪ್ಪ — "ನಡಿ ಹಾನಗಲ್ಲಿಗೆ. ಸಹಿ ಮಾಡ್ತೇನಿ."
ನಿನ್ನಿದನ್ನೆಲ್ಲಾ ಹೇಳಿದ ಮ್ಯಾಲ ವಕೀಲರು ಕಣ್ಣಿನ ಚಾಳೀಸ ತಗದ್ರು. "ಕರಬಸಪ್ಪನವರ, ಊರ ಮಂದಿ ಮುಂದ ಆ ಮಾತ ಕೇಳಿ ಚಪ್ಪಾಳಿ ಹೊಡದೀರಿ. ಅವರ ವಕೀಲ ಮೊದಲ ಅದನ್ನ ಎತ್ತತಾನ. ಇನ್ನ ಕಷ್ಟ ಐತಿ."
ಮೋಟಾರ ಇಳದು ಅಪ್ಪ ಮನೀಗೆ ಬಂದು ಕಟ್ಟಿ ಮ್ಯಾಲ ಕುಂತಾಂವ ಈಗ ಕೇಳಿದ —
"ಶಾರವ್ವ... ನಮ್ಮ ಹುಡುಗಂದ ತಪ್ಪು ಅಂತ ನಾನ ಸಾಕ್ಷಿ ಹೇಳಿದಂಗಾತೇನವ್ವ?"
ಇಲ್ಲಪ್ಪ ಅನ್ನಬೇಕಾಗಿತ್ತು. ನಾ ಒಳಗ ಬಂದು ಇದನ್ನ ಬರಿಯಾಕ ಕುಂತೆ.