ಓದದೆ ಒತ್ತಿಸಿದ ಹೆಬ್ಬೆಟ್ಟು

ಕಾಡಕಟ್ಟೆ, ಎಚ್.ಡಿ. ಕೋಟೆ ತಾಲ್ಲೂಕು
10 ಜುಲೈ 2025

ಮಗಳು ಶೋಭಾ,

ಇಲ್ಲಿ ಎಲ್ಲರೂ ಉಸಿರಾಡಿಕೊಂಡಿದ್ದೇವೆ. ಕೆ.ಆರ್. ನಗರದ ಆಸ್ಪತ್ರೆಯಲ್ಲಿ ನಿನ್ನ ನರ್ಸ್ ಕೆಲಸ ಚೆನ್ನಾಗಿ ನಡೆದಿದೆ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಬೈಯಬೇಡ. ಬರೆಯಲು ಕೂರುತ್ತಿದ್ದೆ, ನಲ್ಲಿಗೆ ನೀರು ಬಿಡಬೇಕು ಅಂತ ಎದ್ದು ಹೋಗುತ್ತಿದ್ದೆ. ಪಂಚಾಯ್ತಿ ವಾಟರ್‌ಮ್ಯಾನ್‌ಗೆ ನೆಪಕ್ಕೇನು ಬರ?

ಕಾಡಂಚಿನ ನಿಮ್ಮ ಹಾಡಿಯವರಿಗೆ ಕೊನೆಗೂ ಜಮೀನಿನ ಹಕ್ಕುಪತ್ರ ಬಂತು. ನಿನ್ನ ಅಪ್ಪ ಮಾರ ಪಂಚಾಯ್ತಿ ಅಧ್ಯಕ್ಷನಾಗಿದ್ದಾಗ ಹಾಕಿಸಿದ್ದ ಅರ್ಜಿಗಳೇ ಕೋರ್ಟಿನಲ್ಲಿ ನಿಂತವು. ಅದಕ್ಕೇ ಸಮುದಾಯ ಭವನಕ್ಕೆ ಅವನ ಹೆಸರಿಡೋಣ ಅಂತ ಅರ್ಧ ಹಾಡಿ ಹೇಳುತ್ತಿದೆ, ಇನ್ನರ್ಧ ಉಗಿಯುತ್ತಿದೆ. ಮಗಳು ಒಪ್ಪಿದರೆ ಈ ತಿಂಗಳು ಇಪ್ಪತ್ತೆಂಟಕ್ಕೆ ಬೋರ್ಡು ಹಾಕೋಣ ಅಂತ ತೀರ್ಮಾನವಾಯಿತು. ನೀನೋ, "ಸ್ವಂತ ಜನಕ್ಕೆ ದ್ರೋಹ ಮಾಡಿದವನ ಹೆಸರು ಬೇಡ" ಎಂದು ಬರೆದೆ.

ನಿನಗೆ ಅವನ ಕೊನೆಯಷ್ಟೇ ಗೊತ್ತು. ಮೊದಲನ್ನು, ಪಕ್ಕದೂರಿನ ಗೆಳೆಯನಾಗಿ ಜೊತೆಗಿದ್ದ ನಾನು ನೋಡಿದ್ದೇನೆ. ಜಮೀನು ಕೇಳಿ ಕೋಟೆಯ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತು ಲಾಠಿ ಬಿದ್ದ ದಿನ ಅವನ ಎರಡು ಹಲ್ಲು ನನ್ನ ಅಂಗೈಗೆ ಬಂದು ಬಿದ್ದವು. ಆಮೇಲೆ ಗುಡಿಸಲು ಸುಟ್ಟ ಫಾರೆಸ್ಟ್ ಗಾರ್ಡ್ ಒಬ್ಬ ನಮ್ಮ ಕೈಗೆ ಸಿಕ್ಕ. ಹಾಡಿಯ ನಡುವಿನ ಅತ್ತಿಮರಕ್ಕೆ ಕಟ್ಟಿ, ರಕ್ತ ಬರುವ ಹಾಗೆ ಹೊಡೆದೆವು. ಮಾರ ಓಡಿಬಂದು ನಡುವೆ ನಿಂತ. ಯಾರದೋ ಮಚ್ಚು ಬೀಸಿ ಅವನ ಕಿವಿಯೇ ಸೀಳಿತು. ಆ ಕಿವಿ ಹಿಡಿದುಕೊಂಡೇ ಹಗ್ಗ ಬಿಚ್ಚಿದ. "ನಾವೂ ಒಡುದ್ರೆ ಅವ್ರಿಗೂ ನಮ್ಗೂ ಏನ್ಲಾ ವ್ಯತ್ಯಾಸ?" ಅಂದ. ನಮಗೆಲ್ಲ ಸಿಟ್ಟು ಬಂದಿತ್ತು. ಕ್ರಾಂತಿ ಮಾಡುವವನು ಇಷ್ಟು ಮೆತ್ತಗಿದ್ದರೆ ಹೇಗೆ ಅಂತ ನಾನೇ ಗೊಣಗಿದ್ದೆ.

ಅಧ್ಯಕ್ಷನಾದ ಮೇಲೂ ಅವನದು ಒಂದೇ ಕಟ್ಟುನಿಟ್ಟು: ಯಾವ ಕಾಗದವನ್ನೇ ಆಗಲಿ ಅತ್ತಿಮರದ ಕೆಳಗೆ ಗಟ್ಟಿಯಾಗಿ ಓದಬೇಕು, ಎಲ್ಲರೂ ಕೇಳಿದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಒಂದು ಬೀದಿ ದೀಪಕ್ಕೂ ಅರ್ಧ ದಿನ ಓದು. ಹಾಡಿಗೆಲ್ಲ ಹಿರಿಯಳಾದ ಮುತ್ತಜ್ಜಿ ಆಕಳಿಸುತ್ತಾ, "ಈ ಅದ್ಯಕ್ಸ ನಮ್ಮುನ್ನ ಇಸ್ಕೂಲಿಗೆ ಸೇರ್ಸವ್ನೆ ಕಣ್ರವ್ವಾ" ಅನ್ನುತ್ತಿದ್ದಳು.

ಎರಡೂವರೆ ವರ್ಷದ ಹಿಂದೆ, ಜನವರಿಯಲ್ಲಿ ಗ್ರಾಮಸಭೆ ಕರೆದಾಗ ಹಾಡಿಯೇ ಖಾಲಿ. ಎಲ್ಲರೂ ಕಾಫಿ ಕುಯ್ಯಲು ಕೊಡಗಿಗೆ ಹೋಗಿದ್ದರು. ಜನ ಸಾಲದೆ ಸಭೆ ನಿಂತರೆ ನೀರಿನ ಟ್ಯಾಂಕ್ ತಪ್ಪುತ್ತದೆ ಎಂದು ಮೇಲಿನ ಆಫೀಸಿನ ಗುಮಾಸ್ತನೊಬ್ಬ ಹೇಳಿದ. ಹಾಜರಾತಿ ಪುಸ್ತಕ ಹಿಡಿದು ನಾನೇ ಬಸ್ಸು ಹತ್ತಿದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಹೋಗಿ ಎಪ್ಪತ್ತೆರಡು ಹೆಬ್ಬೆಟ್ಟು ಒತ್ತಿಸಿಕೊಂಡೆ. ಮಾರನೇ ಕಳಿಸಿರುತ್ತಾನೆ, ನಮ್ಮ ಜವರಯ್ಯ ತಂದದ್ದಲ್ಲವಾ ಎಂದು ಒಬ್ಬರೂ ಏನೂ ಕೇಳಲಿಲ್ಲ. ಮಾರ ಮಾತ್ರ ಕೇಳಿದ, "ಓದ್ ಯೇಳ್ದಾ?" "ಊ ಕಣ್ಲಾ, ಎಲ್ರಿಗೂ ಯೇಳಿವ್ನಿ" ಅಂದುಬಿಟ್ಟೆ. ಅವನು ನಂಬಿ ಸಹಿ ಹಾಕಿದ. ಹೆಬ್ಬೆಟ್ಟುಗಳ ಮೇಲೆ ಅರ್ಧ ಹಾಳೆ ಖಾಲಿ ಇತ್ತು ಶೋಭಾ. ಆ ಗುಮಾಸ್ತ ಅಲ್ಲಿ, ಹಾಡಿ ಬಿಟ್ಟು ಹೋಗಲು ಎಲ್ಲರ ಒಪ್ಪಿಗೆ ಇದೆ ಎಂದು ಬರೆದುಕೊಂಡ.

ಮಾರ್ಚಿನಲ್ಲಿ ಜೆಸಿಬಿ ಬಂತು, ಜೊತೆಗೆ ಎರಡು ವ್ಯಾನ್ ಪೊಲೀಸರು. ಹದಿನೆಂಟು ಗುಡಿಸಲು ನೆಲಸಮವಾದವು. ಒಳಗೆ ಮಲಗಿದ್ದ ಮುತ್ತಜ್ಜಿಯ ಮೇಲೆ ಗೋಡೆ ಬಿತ್ತು. ನಾವು ಎಳೆದು ತೆಗೆಯುವಷ್ಟರಲ್ಲಿ ಎದೆ ಅಪ್ಪಚ್ಚಿಯಾಗಿತ್ತು, ಬಾಯಲ್ಲಿ ಮಣ್ಣು. ಕಿರುಚಿದವರಿಗೆಲ್ಲ ಲಾಠಿ. ಆಮೇಲೆ ಮಾರನ ಸಹಿ ಇದ್ದ ಆ ಕಾಗದ ತೋರಿಸಿದರು.

ವ್ಯಾನುಗಳು ಹೋದ ಮೇಲೆ ಹಾಡಿಗೆ ಹಾಡಿಯೇ ದೊಣ್ಣೆ ಹಿಡಿದು ನಿಂತಿತು. ನಿಜ ಹೇಳಿಬಿಡಲು ನಾನು ಮುಂದೆ ಹೋದೆ. ನಿನ್ನ ಅಪ್ಪ ನನ್ನ ರಟ್ಟೆ ಹಿಡಿದು ಕಿವಿಯಲ್ಲಿ, "ನಂಗ್ ಸುಳ್ಳೇಳ್ದೋನು ನೀನು ಅಂತ ಗೊತ್ತಾದ್ರೆ ನಿಮ್ಮೂರ್ಗೇ ಬೆಂಕಿ ಆಕ್ತಾರೆ ಕಣ್ಲಾ. ನಾನಾದ್ರೆ ಅವ್ರ ಮನೆಯೋನು" ಅಂದ. ಆಮೇಲೆ ಗುಂಪಿನ ಮುಂದೆ ನಿಂತು ಕೂಗಿದ, "ಸೈನ್ ನಂದೇ. ಏನ್ ಮಾಡ್ಬೇಕೋ ನಂಗ್ ಮಾಡಿ."

ಮಾಡಿದರು. ಮೂರನೇ ದಿನ ಮೈಸೂರಿನ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಕೇಸಾಯಿತು, ಆದರೆ ಯಾರೂ ಸಾಕ್ಷಿ ಹೇಳಲಿಲ್ಲ. ನಾನೂ ಹೇಳಲಿಲ್ಲ.

ದ್ರೋಹಿ ನಿನ್ನ ಅಪ್ಪನಲ್ಲ ಮಗಳೇ, ನಾನು. ಇದೇ ಮಾತನ್ನು ಇನ್ನೊಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಇಪ್ಪತ್ತೆಂಟಕ್ಕೆ ಅತ್ತಿಮರದ ಕೆಳಗೆ ಗಟ್ಟಿಯಾಗಿ ಓದುತ್ತೇನೆ. ಹೆಸರು ಇಡುವುದೋ ಬಿಡುವುದೋ, ಆಮೇಲೆ ಹಾಡಿ ಹೇಳಲಿ. ನನ್ನನ್ನು ಏನು ಮಾಡುವುದು ಅಂತಲೂ ಹೇಳಲಿ. ನೀನು ಬಾ.

ನಿನ್ನ ಕೈಯಿಂದ ಮದ್ದು ಕುಡಿದವರೆಲ್ಲ ಗುಣವಾಗಲಿ, ಅವರ ಹರಕೆಯಲ್ಲಿ ನೀನು ನೂರು ವರ್ಷ ಬಾಳು.

ನಿನ್ನ ಚಿಕ್ಕಪ್ಪ,
ಜವರಯ್ಯ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಕೈ ಬರಲಿಲ್ಲ. ಅಂದು ಎಲ್ಲರೂ ನಿನ್ನ ಅಪ್ಪನನ್ನು ಹೊಡೆಯುವಾಗ ನಾನೊಬ್ಬ ಬರಿಗೈಲಿ ನಿಂತಿದ್ದೆ. ಜನ ತಿರುಗಿ ನನ್ನನ್ನೇ ನೋಡತೊಡಗಿದರು. ಹೆದರಿಕೆಯಾಯಿತು, ಒಂದು ಸೌದೆ ಎತ್ತಿಕೊಂಡೆ. ನಾನು ಎತ್ತಿಕೊಂಡದ್ದನ್ನು ಅವನು ನೋಡಿದ. ಬಾಯಿ ತುಂಬ ರಕ್ತ ಇಟ್ಟುಕೊಂಡು, "ಒಡೀಲಾ ಜವರ, ನೋಡ್ತಾವ್ರೆ" ಅಂದ. ಹೊಡೆದೆ. ತಲೆಗೇ ಹೊಡೆದೆ.